ಕುಳಿತ ಎತ್ತು

ಅಂಗಿಗೆ ಮಣ್ಣು ಮೆತ್ತಿಕೊಂಡು ಮನೆಗೆ ಹೋದುದಕ್ಕಾಗಿ ಕಳೆದ ಮಳೆಗಾಲದಲ್ಲಿ ನಿಮ್ಮಲ್ಲಿ ಕೆಲವರು ತಾಯಂದಿರಿಂದ ಬೈಸಿಕೊಂಡಿರೆಂದು ಕೇಳಿದ್ದೇವೆ. ಆ ಬೈಗುಳದಲ್ಲಿ ನಮಗೂ ಪಾಲುಂಟು. ಆದುದರಿಂದ ಆ ದಿನದ ಸಂಗತಿಯನ್ನು, ನಮ್ಮದೊಂದು ತಪ್ಪಿನೊಡನೆ, ಇಲ್ಲಿ ಬರೆದಿಡುತ್ತೇವೆ.

ನಮ್ಮ ಬಾಲ್ಯ ಕಳೆದುದು ಗದಗ ಜಿಲ್ಲೆಯ ಎರೆನೆಲದ ಒಂದು ಹಳ್ಳಿಯಲ್ಲಿ. ಎಸ್.ಎಸ್.ಎಲ್.ಸಿ.ಯವರೆಗೂ ಕನ್ನಡ ಸಾಲೆಯಲ್ಲಿಯೇ ಓದಿದೆವು. ಅಲ್ಲಿ ಚಿತ್ರಕಲೆಯ ಮಾಸ್ತರರಿರಲಿಲ್ಲ. ಆದರೆ ಕಲೆಯ ಪಾಠವೇ ಇರಲಿಲ್ಲವೆಂದು ಹೇಳಲಾರೆವು. ಕಾರಹುಣ್ಣಿಮೆ ಕಳೆದು ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ ಬರುವುದು. ಅಂದು ಅಜ್ಜಿ ಕಟ್ಟೆಯ ಮೇಲೆ ಹದಮಾಡಿದ ಮಣ್ಣಿನ ಮುದ್ದೆಯನ್ನಿಟ್ಟು, ಗುಲಗಂಜಿಯ ಬಟ್ಟಲನ್ನು ಪಕ್ಕಕ್ಕೆ ಸರಿಸಿ ಸುಮ್ಮನೆ ಕೂಡುತ್ತಿದ್ದಳು. ಎತ್ತು ನಮ್ಮದು, ಕಣ್ಣು ಗುಲಗಂಜಿಯದು. ಮುಂದೆ ಆಷಾಢದ ಮಂಗಳವಾರಗಳಲ್ಲಿ ಗುಳ್ಳವ್ವ, ಶ್ರಾವಣದಲ್ಲಿ ನಾಗಪ್ಪ, ಭಾದ್ರಪದದಲ್ಲಿ ಗಣಪ, ಅವನ ಬೆನ್ನಿಗೇ ಜೋಕುಮಾರ. ಮಳೆಗಾಲ ಮುಗಿಯುವವರೆಗೆ ನಮ್ಮ ಕೈಯ ಮಣ್ಣು ಆರುತ್ತಿರಲಿಲ್ಲ. (ಬೋಧನಶಾಸ್ತ್ರ ಬಲ್ಲವರಾದರೆ ಸುಲಭವಾದ ಹಾವನ್ನು ಮೊದಲು ಇಡುತ್ತಿದ್ದರು. ನಮ್ಮ ಪಂಚಾಂಗವು ನಾಲ್ಕು ಕಾಲಿನ ಎತ್ತಿನಿಂದಲೇ ತೊಡಗುತ್ತದೆ. ಆದರೂ ನಾವಾರೂ ನಪಾಸಾಗಲಿಲ್ಲ.)

ಮಂಜಲ್‌ಪುರದಲ್ಲಿ ನಾವು ಕಂಡ ಹಸ್ತಕೌಶಲವೇ ಬೇರೆ. ನಿಮ್ಮ ತಂದೆಯವರಲ್ಲಿ ಹಲವರು ಮಕರಪುರದ ಕಾರಖಾನೆಗಳಿಗೆ ಹೋಗುವವರು. ಮಣ್ಣು ತರಲು ಅವರಿಗೆ ಬಿಡುವೆಲ್ಲಿ? ಅಂಗಡಿಯ ಥರ್ಮೋಕೋಲ್, ಮಿನುಗುವ ಕಾಗದ, ರಾತ್ರಿ ಹನ್ನೊಂದರವರೆಗೆ ಕುಳಿತು ತಾಯಿ ಅಂಟಿಸಿಕೊಟ್ಟ ಮನೆ, ಇವೇ ನಮ್ಮ ಮೇಜಿಗೆ ಬರುತ್ತಿದ್ದವು. ಅನೇಕ ತಾಯಂದಿರಿಗೆ ನಾವು ಹತ್ತಕ್ಕೆ ಒಂಬತ್ತು ಅಂಕ ಕೊಟ್ಟಿದ್ದೇವೆ.

ಹಾಗೆಂದು ಈ ನಗರಕ್ಕೆ ಕೈಗೆಲಸದ ಬೆಲೆ ತಿಳಿಯದೆಂದಲ್ಲ. ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯದ ಲಲಿತಕಲಾ ವಿಭಾಗವು 1950ರಲ್ಲಿ ಇಲ್ಲಿಯೇ ತೆರೆಯಿತು. ಅಲ್ಲಿ ಬಹುಕಾಲ ಕಲಿಸಿದ ಕೆ. ಜಿ. ಸುಬ್ರಮಣ್ಯನ್ (1924–2016) ದೊಡ್ಡ ದೊಡ್ಡ ಭಿತ್ತಿಶಿಲ್ಪಗಳನ್ನು ರಚಿಸಿದ ಅದೇ ಕೈಯಿಂದ, ವಿಭಾಗದ ಜಾತ್ರೆಗಾಗಿ ಮರದ ತುಂಡು, ಮಣಿ, ತೊಗಲುಗಳಿಂದ ಆಟಿಗೆಗಳನ್ನೂ ಮಾಡಿದರು. ಅಷ್ಟು ದೊಡ್ಡವರು ಮಾಡಬಹುದಾದುದನ್ನು ನಾಲ್ಕನೆಯ ಇಯತ್ತೆಯವರು ಏಕೆ ಮಾಡಬಾರದು?

2025ರ ಜೂನ್ 25, ಬುಧವಾರ, ಮಣ್ಣೆತ್ತಿನ ಅಮಾವಾಸ್ಯೆ. ಸಾಲೆಗೆ ರಜೆಯಿರಲಿಲ್ಲ. ವಿಶ್ವಾಮಿತ್ರಿಯ ದಡದಿಂದ ಮಣ್ಣು ತರೋಣವೆಂದರೆ ಅಲ್ಲಿ ಮೊಸಳೆಗಳ ಒಡೆತನ. 2024ರ ಆಗಸ್ಟಿನ ನೆರೆಯಲ್ಲಿ ಅವು ಬೀದಿಗೂ ಬಂದುದನ್ನು ನೀವು ಮರೆತಿರಲಾರಿರಿ. ಕುಂಬಾರನೊಬ್ಬನ ಮನೆಗೆ ಹೋದೆವು. ಎತ್ತು ಮಾಡಲಿಕ್ಕೆಂದು ಕೇಳಿ ಅವನು ನಕ್ಕನು. ಮುಂದಿನ ಅಮಾವಾಸ್ಯೆಗೆ ತೊಡಗುವ ದಶಾಮಾ ವ್ರತಕ್ಕಾಗಿ ಅವನು ಹೆಣ್ಣೊಂಟೆಗಳನ್ನು ಮಾಡುತ್ತಿದ್ದನು! ಮಣ್ಣಿನ ಜೊತೆಗೆ, ಬಿರುಕು ಬಿಡದಿರಲೆಂದು ಒಂದು ಹಿಡಿ ಹತ್ತಿಯನ್ನೂ ಕೊಟ್ಟು, ನಾದುವಾಗ ಬೆರೆಸಿರೆಂದನು.

ಕಾಲುಗಳನ್ನು ಬೇರೆ ಮಾಡಿ ಅಂಟಿಸಬೇಡಿರಿ, ಒಂದೇ ಮುದ್ದೆಯಿಂದ ಜಗ್ಗಿ ತೆಗೆಯಿರೆಂದು ನಾವು ನಿಮಗೆ ಹೇಳಿದೆವು. ಅಜ್ಜಿಯರ ಎತ್ತುಗಳಿಗೆ ಗಿಡ್ಡ ಕಾಲಿರುವುದು ಇದಕ್ಕಾಗಿಯೇ. ಆರಿದಂತೆ ಮಣ್ಣು ಕುಗ್ಗುತ್ತದೆ. ಅಂಟಿಸಿದ ಕಾಲು ಒಂದು ಬಗೆಯಾಗಿ, ಮೈ ಒಂದು ಬಗೆಯಾಗಿ ಕುಗ್ಗಿ ಎರಡೂ ಅಗಲುತ್ತವೆ.

ಇಷ್ಟನ್ನು ಹೇಳಿದ ನಾವೇ ಹೀಗೆ ಮಾಡಿದೆವು. ಹಿಂದಿನ ಸಾಲಿನ ಒಬ್ಬ ಹುಡುಗನ ಎತ್ತಿಗೆ ಕಾಲುಗಳೇ ಕಾಣಲಿಲ್ಲ. ಗುಡ್ಡದಂಥ ಡುಬ್ಬ, ಒಂದು ಕಡೆಗೆ ಹೊರಳಿದ ಕೊರಳು. ಪೂಜೆಗಿಡುವ ಎತ್ತು ಹೀಗಿರುವುದೇ ಎಂದುಕೊಂಡು, ಅವನನ್ನು ಕೇಳದೆಯೇ ಎತ್ತಿಕೊಂಡು, ನಾಲ್ಕು ಕಾಲುಗಳನ್ನು ಮಾಡಿ ಅವಸರದಿಂದ ಅಂಟಿಸಿ ನಿಲ್ಲಿಸಿಬಿಟ್ಟೆವು. ಗೀರು ಹಾಕಿ ಕೆಸರು ಸವರುವಷ್ಟು ತಾಳ್ಮೆಯೂ ನಮಗಿರಲಿಲ್ಲ. ಹುಡುಗನು ಏನೂ ಅನ್ನಲಿಲ್ಲ.

ಮರುದಿನ ನೋಡಿದರೆ ಕಿಟಕಿಯ ಗಾಳಿಗೆ ಒಂದು ಕಾಲು ಕಳಚಿಬಿದ್ದಿತ್ತು. ಸಮಾಧಾನ ಹೇಳಹೋದೆವು. ಆಗ ಅವನು, "ನನ್ನ ಎತ್ತು ಕುಂತಿತ್ತರೀ ಸರ್. ನೀವ ಎಬ್ಬಿಸಿದ್ರಿ" ಎಂದನು.

ನಮ್ಮ ಬೀದಿಯ ನಡುವೆ, ರಿಕ್ಷಾಗಳಿಗೆ ದಾರಿಬಿಡದೆ ಮೆಲುಕುಹಾಕುತ್ತ ಕೂಡುವ ಹೋರಿ ಆಗ ನೆನಪಿಗೆ ಬಂತು. ನೊಗಕ್ಕೆ ಹೂಡಿದ ಎತ್ತನ್ನು ಅವನು ಕಂಡವನಲ್ಲ. ತಾನು ಕಂಡುದನ್ನು ಮಾಡಿದ್ದನು. ನಾವು ಅದರ ಮೇಲೆ ನಮ್ಮ ಹಳ್ಳಿಯನ್ನು ಅಂಟಿಸಿದ್ದೆವು. ತಪ್ಪಾಯಿತೆಂದು ಎಲ್ಲರೆದುರಿಗೇ ಹೇಳಿದೆವು. ಮಾಸ್ತರಿಕೆ ಹಿಡಿದಂದಿನಿಂದ ನಮಗೆ ಅಷ್ಟು ಕಷ್ಟವಾದ ವಾಕ್ಯ ಇನ್ನೊಂದಿಲ್ಲ.

ಅಮಾವಾಸ್ಯೆಯ ಮರುದಿನ ನಮ್ಮ ಕಡೆಯ ಹುಡುಗರು ಮಣ್ಣೆತ್ತೊಂದರ ಕಾಲು ಮುರಿದು, ಆ ಕುಂಟೆತ್ತನ್ನು ಹಿಡಿದು ಮನೆಮನೆಗೆ ಜೋಳ ಬೇಡಲು ಹೋಗುವುದುಂಟು. ಕೂಡಿದ ಜೋಳವನ್ನು ಅಂಗಡಿಗೆ ಹಾಕಿ ನಾವು ಚುರುಮುರಿ ತಿನ್ನುತ್ತಿದ್ದೆವು. ಇದನ್ನು ಹೇಳಿದಾಗ ಅವನ ಮುಖ ಅರಳಿತು. ಸಾಲೆ ಬಿಟ್ಟ ಮೇಲೆ ಆರು ಜನ ಹುಡುಗರು, ಹಿಂದೆ ನಾವು, ಓಣಿಯಲ್ಲಿ ಹೊರಟೆವು. ಗುಜರಾತಿ ಅಜ್ಜಿಯೊಬ್ಬರು ಬಾಗಿಲಲ್ಲಿ ನಿಂತು ಇದೇನೆಂದು ಕೇಳಿದರು. ನಾವು ಶಬ್ದ ಹುಡುಕುತ್ತಿರುವಾಗಲೇ ಆ ಹುಡುಗನು ಗುಜರಾತಿಯಲ್ಲಿ ಎತ್ತಿನ ಕಥೆಯನ್ನೆಲ್ಲ ಹೇಳಿ ಮುಗಿಸಿದ್ದನು. ಮಾಸ್ತರರು ಎಬ್ಬಿಸಿದ ಭಾಗವನ್ನೂ ಬಿಡಲಿಲ್ಲ. ಅಜ್ಜಿ ನಗುತ್ತ ಒಳಹೋಗಿ ಒಂದು ಬೊಗಸೆ ಸಜ್ಜೆ ತಂದು ಹಾಕಿದರು.

ಸುಡದ ಮಣ್ಣಿಗೆ ಒಂದು ಗುಣವುಂಟು. ನೀರಿನಲ್ಲಿ ನೆನೆಸಿದರೆ ಮತ್ತೆ ಮುದ್ದೆಯಾಗುತ್ತದೆ. ಆ ಶುಕ್ರವಾರ ಅವನು ಕುಂಟೆತ್ತನ್ನು ಬಕೆಟ್ಟಿನಲ್ಲಿ ನೆನೆಯಿಟ್ಟು, ಶನಿವಾರ ಮೊದಲಿನಂತೆಯೇ ಕೂರಿಸಿದನು. ನಾವು ಗುಲಗಂಜಿಯ ಬಟ್ಟಲನ್ನು ಸರಿಸಿ ಸುಮ್ಮನೆ ಕುಳಿತಿದ್ದೆವು. ಅದು ಈಗ ನಮ್ಮ ಕಪಾಟಿನ ಮೇಲೆ, ಹಾಜರಿ ಪುಸ್ತಕದ ಪಕ್ಕದಲ್ಲಿ ಕುಳಿತಿದೆ. ಒಂದು ಕಣ್ಣು ಉದುರಿದೆ. ಬೇರೆ ಗುಲಗಂಜಿಯನ್ನು ಅವನೇ ಬಂದು ಹಚ್ಚಬೇಕು.