ಹನೂರಿನಿಂದ ಕೌದಳ್ಳಿಯವರೆಗೆ



ಶ್ರೀಮಠದ ಹಳೆಯ ವಿದ್ಯಾರ್ಥಿಗಳೊಬ್ಬರು ಈಚೆಗೆ ಸಭೆಯೊಂದರಲ್ಲಿ ನಮ್ಮನ್ನು ಕುರಿತು ಮಾತನಾಡುತ್ತ, ‘ಬುದ್ಧಿಯವರು ತಾರುಣ್ಯದಲ್ಲಿ ಗುಂಡ್ಲುಪೇಟೆಯಿಂದ ಮಲೆ ಮಹದೇಶ್ವರ ಬೆಟ್ಟದವರೆಗೆ ಒಂದಡಿಯನ್ನೂ ಬಿಡದೆ ನಡೆದವರು, ಅವರದು ಗಾಳಿಯ ನಡಿಗೆ’ ಎಂದರು. ಸಭೆ ಚಪ್ಪಾಳೆ ತಟ್ಟಿತು. ನಾವು ಕೊರಳ ಹಾರದ ಹೂಗಳನ್ನು ನೋಡುತ್ತ ಸುಮ್ಮನೆ ಕುಳಿತೆವು. ಆ ರಾತ್ರಿ ನಿದ್ರೆ ಹತ್ತಲಿಲ್ಲ. ಆ ಯಾತ್ರೆಯ ನಿಜ ವೃತ್ತಾಂತವನ್ನು ನಿಮ್ಮ ಮುಂದಿಡುವುದೇ ಲೇಸೆಂದು ಈ ಬರಹ.

ಅದು 1998ರ ಶಿವರಾತ್ರಿ. ಚಾಮರಾಜನಗರ ಜಿಲ್ಲೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಮಾನಸಗಂಗೋತ್ರಿಯಲ್ಲಿ ಎಂ.ಎ. ಮುಗಿಸಿ ಮಠಕ್ಕೆ ಮರಳಿದ್ದ ನಮಗೆ ಮಾದಪ್ಪನ ಕಾವ್ಯವೆಲ್ಲ ಪರಿಚಿತವೆಂಬ ಹಮ್ಮಿತ್ತು. ಪಿ.ಕೆ. ರಾಜಶೇಖರ ಅವರು ಸಂಗ್ರಹಿಸಿದ ಕಾವ್ಯವನ್ನು ಅಡಿಗೆರೆ ಹಾಕಿ ಓದಿದ್ದೆವು. ಮಾದಪ್ಪ ರಾಗಿ ಬೀಸಿದ ಪ್ರಸಂಗದ ಮೇಲೆ ಪ್ರಬಂಧವನ್ನೂ ಬರೆದಿದ್ದೆವು. ರಾಗಿಯನ್ನು ಮಾತ್ರ ಎಂದೂ ಬೀಸಿದವರಲ್ಲ.

ಗುಂಡ್ಲುಪೇಟೆಯಿಂದ ತೆರಕಣಾಂಬಿ, ಚಾಮರಾಜನಗರ, ಸಂತೆಮರಹಳ್ಳಿ, ಯಳಂದೂರು, ಕೊಳ್ಳೇಗಾಲ, ಹನೂರು, ಕೌದಳ್ಳಿ, ತಾಳಬೆಟ್ಟ. ಅಲ್ಲಿಂದ ಮೇಲೆ ಬೆಟ್ಟದ ದಾರಿ. ಒಟ್ಟು ಸುಮಾರು 150 ಕಿಲೋಮೀಟರು. ನಮ್ಮೊಡನೆ ಹದಿನಾಲ್ಕು ಮಂದಿ ಭಕ್ತರು. ಅವರಲ್ಲಿ ಎಪ್ಪತ್ತು ದಾಟಿದ ಹಿರಿಯರೊಬ್ಬರಿದ್ದರು. ಹರಕೆ ಹೊತ್ತು ವರ್ಷವೂ ನಡೆಯುವವರು. ‘ಈ ವಯಸ್ಸಿನಲ್ಲಿ ನಿಮಗೇಕೆ ಈ ಶ್ರಮ? ಬಸ್ಸಿನಲ್ಲಿ ಬನ್ನಿ, ಮಾದಪ್ಪ ಬೇಡವೆನ್ನುವನೆ?’ ಎಂದು ಅವರಿಗೆ ಉಪದೇಶ ಮಾಡಿದವರು ನಾವೇ. ಈ ಮಾತನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

ಸಂಪ್ರದಾಯಕ್ಕೆ ಕುಂದು ಬರಬಾರದೆಂದು ಹಾವುಗೆ ಮೆಟ್ಟಿ ಹೊರಟೆವು. ತೆರಕಣಾಂಬಿ ತಲಪುವುದರೊಳಗೆ ಹೆಬ್ಬೆರಳ ಸಂದಿಯಲ್ಲಿ ಬೊಬ್ಬೆ ಎದ್ದಿತು. ಹಾವುಗೆಯನ್ನು ಕಳಚಿ ಬರಿಗಾಲಿನಲ್ಲಿ ನಡೆದೆವು. ಮಧ್ಯಾಹ್ನದ ಡಾಂಬರು ಆ ಬೊಬ್ಬೆಗೆ ಜೊತೆಗಾರರನ್ನು ಒದಗಿಸಿತು. ಹಾವುಗೆಗಳನ್ನು ಹಿರಿಯರು ತಮ್ಮ ಟವೆಲ್ಲಿನಲ್ಲಿ ಸುತ್ತಿ ತಲೆಯ ಮೇಲಿಟ್ಟುಕೊಂಡರು. ದಾರಿಯಲ್ಲಿ ಕಂಡ ತಾಯಂದಿರು ಆ ಗಂಟಿಗೆ ಕೈಮುಗಿದರು. ಕುಂಟುತ್ತ ಹಿಂದೆ ಬರುತ್ತಿದ್ದ ನಮ್ಮ ಕಡೆಗೆ ಯಾರೂ ನೋಡಲಿಲ್ಲ.

ಎರಡನೆಯ ರಾತ್ರಿ ಸಂತೆಮರಹಳ್ಳಿಯಾಚೆ ಡೇರೆ ಹಾಕಬೇಕಾಯಿತು. ಬಾಳೆಯ ತೋಟದ ಪಕ್ಕದಲ್ಲಿ ಮೆತ್ತಗಿನ ನೆಲವೊಂದನ್ನು ನಾವೇ ಆರಿಸಿದೆವು. ಹಿರಿಯರು ನೆಲ ಮುಟ್ಟಿ ನೋಡಿ, ‘ಬುದ್ಧೀ, ಇದು ಪಾತಿ. ರಾತ್ರಿ ಕರೆಂಟು ಬಂದ್ರೆ ನೀರು ಬತ್ತದೆ’ ಎಂದರು. ಸುತ್ತ ಹನಿ ನೀರಿನ ಸುಳಿವಿಲ್ಲವೆಂದು ನಾವು ನಕ್ಕೆವು. ಪಂಪುಸೆಟ್ಟಿನ ಕರೆಂಟು ರೈತನ ನಿದ್ದೆಯ ಹೊತ್ತಿಗೇ ಬರುವುದೆಂಬುದನ್ನು ಯಾವ ವಿಶ್ವವಿದ್ಯಾನಿಲಯವೂ ನಮಗೆ ಕಲಿಸಿರಲಿಲ್ಲ. ನಡುರಾತ್ರಿ ಎಲ್ಲಿಯೋ ಮೋಟಾರು ಗುಂಯ್ಗುಟ್ಟಿತು. ಕಂಬಳಿ ತೇಲಿತು, ಅವಲಕ್ಕಿ ನೆನೆಯಿತು, ವಿಭೂತಿಗಟ್ಟಿಗಳು ಕರಗಿ ಡೇರೆಯೊಳಗೆಲ್ಲ ಹಾಲಿನ ಹೊಳೆಯಾಯಿತು. ಇಷ್ಟಲಿಂಗ ಎದೆಯ ಮೇಲಿತ್ತು, ಚಿಂತೆಯಿಲ್ಲ. ಪೂಜೆಯ ಪೆಟ್ಟಿಗೆ ಮಾತ್ರ ಕತ್ತಲಲ್ಲಿ ಬಾಳೆಗಳ ನಡುವೆ ತೇಲಿಹೋಗಿತ್ತು. ಮೊಣಕಾಲುದ್ದದ ಕೆಸರಿನಲ್ಲಿ ಅದನ್ನು ಹುಡುಕಿ ತಂದವರು ಬಸ್ಸಿನಲ್ಲಿ ಬರಬೇಕಾಗಿದ್ದ ಹಿರಿಯರೇ. ಬೆಳಗ್ಗೆ ಬಂದ ತೋಟದ ಯಜಮಾನರು ತಮ್ಮ ಪಾತಿಯಲ್ಲಿ ಜಂಗಮರು ಮಿಂದರೆಂದು ಹರ್ಷಿಸಿ ಬಾಳೆಯ ಗೊನೆಯೊಂದನ್ನು ಹೊರಿಸಿ ಕಳುಹಿಸಿದರು. ಹೊರುವವರ ಕಷ್ಟ ಬೇರೆ.

ಹನೂರಿಗೆ ಬರುವಾಗ ಪಾದಗಳು ಊದಿ ಹಲಸಿನ ತೊಳೆಗಳಂತಾಗಿದ್ದವು. ‘ನೀವು ಮುಂದೆ ನಡೆಯಿರಿ, ನಾವು ಪೂಜೆ ಮುಗಿಸಿ ಬರುತ್ತೇವೆ’ ಎಂದು ಎಲ್ಲರನ್ನೂ ಕಳುಹಿಸಿದೆವು. ಪೂಜೆ ಮುಗಿಸಿದ್ದು ನಿಜ. ಆಮೇಲೆ ಮಾಡಿದ್ದನ್ನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ. ಬಸ್ಸು ಹತ್ತಿದೆವು. ಕಂಡಕ್ಟರು ಎದ್ದು ತಮ್ಮ ಸೀಟನ್ನೇ ಬಿಟ್ಟುಕೊಟ್ಟರು. ಟಿಕೆಟ್ಟಿನ ಹಣ ಕೊಡಹೋದರೆ ಕಿವಿ ಹಿಡಿದುಕೊಂಡರು. ದಾರಿಯಲ್ಲಿ ನಮ್ಮವರನ್ನು ಬಸ್ಸು ಹಿಂದೆ ಹಾಕಿದಾಗ ನಾವು ಕಾವಿಯ ಸೆರಗನ್ನು ತಲೆಯ ಮೇಲೆಳೆದುಕೊಂಡು ಬಗ್ಗಿ ಕುಳಿತೆವು. ಪಕ್ಕದಲ್ಲಿದ್ದ ಅಜ್ಜಿ ನಾವು ಜಪಕ್ಕೆ ಕುಳಿತೆವೆಂದು ಮಗುವನ್ನು ಸುಮ್ಮನಿರಿಸಿದರು.

ಕೌದಳ್ಳಿಗೆ ತುಸು ಮೊದಲೇ ಇಳಿದು ಹುಣಿಸೆಯ ಮರದಡಿ ಕುಳಿತೆವು. ಸಂಜೆಗೆ ಬಂದ ಭಕ್ತರು ಬೆರಗಾದರು. ‘ಬುದ್ಧಿಯವರು ನಮ್ಮನ್ನು ದಾಟಿದ್ದೇ ಕಾಣಲಿಲ್ಲವಲ್ಲ! ಒಳದಾರಿಯಲ್ಲಿ ಬಂದಿರಾ?’ ಎಂದರು. ನಾವು ಮುಗುಳ್ನಕ್ಕೆವು. ಸುಳ್ಳನ್ನು ಬಾಯಿಂದಲೇ ಆಡಬೇಕಾಗಿಲ್ಲವಷ್ಟೆ. ಗಾಳಿಯ ನಡಿಗೆ ಹುಟ್ಟಿದ್ದು ಆ ಮರದಡಿಯಲ್ಲಿ.

ಹಿರಿಯರು ಮಾತ್ರ ಏನನ್ನೂ ಕೇಳಲಿಲ್ಲ. ಬಿಸಿನೀರಿಗೆ ಉಪ್ಪು, ಅರಿಸಿನ ಹಾಕಿ ತಂದು ನಮ್ಮ ಪಾದಗಳನ್ನು ತೊಳೆದರು. ತೊಳೆದ ನೀರನ್ನು ಒಂದು ಗಳಿಗೆ ನೋಡಿದರು. ‘ಇವತ್ತು ಧೂಳು ಕಮ್ಮಿ ಬುದ್ಧಿ’ ಎಂದಷ್ಟೇ ಹೇಳಿ ನೀರನ್ನು ಮರದ ಬುಡಕ್ಕೆ ಚೆಲ್ಲಿದರು.

ಮರುದಿನ ತಾಳಬೆಟ್ಟದಲ್ಲಿ ಇನ್ನೊಂದು ಫಜೀತಿ. ವೀರಪ್ಪನ್ 2004ರ ಅಕ್ಟೋಬರಿನಲ್ಲಿ ಹತನಾಗುವವರೆಗೂ ಆ ಕಾಡಿನ ಅಂಚಿನಲ್ಲಿ ದಪ್ಪ ಮೀಸೆ ಬಿಟ್ಟು ಓಡಾಡುವುದು ಜಾಣತನವಾಗಿರಲಿಲ್ಲ. ನಮ್ಮ ಗುಂಪಿನಲ್ಲೊಬ್ಬರಿಗೆ ಕೆನ್ನೆ ದಾಟಿದ ಮೀಸೆ. ಕಾವಲಿನವರು ಅವರೊಬ್ಬರನ್ನೇ ಬದಿಗೆ ನಿಲ್ಲಿಸಿಕೊಂಡರು. ಯಾರೆಂದು ಕೇಳಿದರೆ ಭಯದಿಂದ ಅವರಿಗೆ ಸ್ವಂತ ಹೆಸರೇ ಹೊರಡಲಿಲ್ಲ, ‘ಉಘೇ ಮಾದಪ್ಪ’ ಎಂದೇ ಕೂಗಿದರು. ಕಾವಲಿನವರೂ ನಕ್ಕು ‘ಉಘೇ’ ಎಂದು ಬಿಟ್ಟುಕೊಟ್ಟರು. ಬೆಟ್ಟದಲ್ಲಿ ಅವರು ಹರಕೆಯ ಮುಡಿಯೊಡನೆ ಮೀಸೆಯನ್ನೂ ಒಪ್ಪಿಸಿಬಿಟ್ಟರು. ಊರಿಗೆ ಮರಳಿದಾಗ ಅವರ ಮನೆಯ ನಾಯಿ ಅವರನ್ನು ಒಳಗೆ ಬಿಡಲಿಲ್ಲವಂತೆ.

ಹಿರಿಯರು ಲಿಂಗೈಕ್ಯರಾಗಿ ಬಹಳ ವರ್ಷಗಳಾದವು. ಗಾಳಿಯ ನಡಿಗೆಯ ಕಥೆಯನ್ನು ಅವರ ಎದುರಿನಲ್ಲೇ ಎಷ್ಟೋ ಮಂದಿ ಹೇಳಿದರು. ಅವರು ತಲೆ ಬಗ್ಗಿಸಿ ಕೇಳಿದರೇ ಹೊರತು ಅಲ್ಲವೆನ್ನಲಿಲ್ಲ. ಅವರಿರುವಾಗಲೇ ಈ ಮಾತನ್ನು ನಾವು ಹೇಳಬೇಕಾಗಿತ್ತು.

ಬರುವ ಶಿವರಾತ್ರಿಗೆ, ಬಾಕಿ ಉಳಿದಿರುವ ಅಷ್ಟು ದಾರಿಯನ್ನು ನಡೆದು ಮುಗಿಸಬೇಕೆಂದಿದ್ದೇವೆ. ಹನೂರಿನ ಬಸ್ ನಿಲ್ದಾಣದಿಂದಲೇ ಹೊರಡುವುದು. ಜೊತೆಗೆ ಬರುವವರು ಬರಬಹುದು. ಡೇರೆಯ ಜಾಗವನ್ನು ನಾವು ಆರಿಸುವುದಿಲ್ಲ.