ಸೆಕೆಂಡ್ ಶಿಫ್ಟ್ ಮುಗಿದ ಮೇಲಿನ ಆಕಾಶ

ಯಾವ ಗ್ರಹ ಎಲ್ಲಿದೆ ಎಂದು ತಿಳಿಯಬೇಕಾದರೆ ನಮ್ಮ ಗುಂಪಿನವರು ಆಗ ಗೋಡೆಯ ಮೊಳೆಗೆ ನೇತುಹಾಕಿದ್ದ ಪಂಚಾಂಗಕ್ಕೆ ಕೈಹಾಕುತ್ತಿದ್ದರು. ಅದರ ಗ್ರಹಸ್ಫುಟ ನಿರಯನದ್ದು. ನಾವು ಜೆರಾಕ್ಸ್ ಮಾಡಿಸಿಟ್ಟುಕೊಂಡಿದ್ದ ನಾರ್ಟನ್ ನಕ್ಷೆಯ ಲೆಕ್ಕ ಸಾಯನದ್ದು. ನಡುವೆ ಹತ್ತಿರಹತ್ತಿರ 24 ಡಿಗ್ರಿ ಅಂತರ, ಅದೇ ಅಯನಾಂಶ. ಅದನ್ನು ಕೂಡಿಸದೆ ಹುಡುಕಲು ಹೊರಟರೆ ಶನಿ ಇರಬೇಕಾದ ಕಡೆ ಬರೀ ಕತ್ತಲೆ. ಬ್ಯಾಂಕಿನಿಂದ ನಿವೃತ್ತರಾಗಿದ್ದ ಹಿರಿಯರೊಬ್ಬರು ಈ ಲೆಕ್ಕದ ಉಸ್ತುವಾರಿ ವಹಿಸಿಕೊಂಡಿದ್ದರು. ಯಾರಾದರೂ ಟೆಲಿಸ್ಕೋಪಿನ ಹಿಂದೆ ಹೆಚ್ಚು ಹೊತ್ತು ತಡಕಾಡಿದರೆ ಸಾಕು, ಕುರ್ಚಿಯಿಂದಲೇ ಕೂಗುತ್ತಿದ್ದರು: "ಅಯನಾಂಶ ಕೂಡಿಸಿದ್ರೇನಪ್ಪಾ?" ಜ್ಯೋತಿಷ್ಯವನ್ನು ಕಂಡರಾಗದ ನಮ್ಮ ಗುಂಪು ಪಂಚಾಂಗ ಹಿಡಿದು ಓಡಾಡುವುದನ್ನು ನೋಡಿ ಅಕ್ಕಪಕ್ಕದವರು ನಮ್ಮನ್ನು ಏನೆಂದುಕೊಂಡರೋ, ಒಂದಿಬ್ಬರು ಜಾತಕ ತಂದದ್ದೂ ಉಂಟು.

1980ರ ದಶಕದ ಬೆಂಗಳೂರು ಅದು. ನಗರದಲ್ಲಿ ಹೆಸರಾಂತ ಹವ್ಯಾಸಿ ಸಂಘಗಳಿದ್ದವು, ನಮ್ಮದು ಹೆಸರೂ ಸರಿಯಾಗಿಲ್ಲದ ಬಡಾವಣೆಯ ಗುಂಪು. ಅರ್ಧಕ್ಕರ್ಧ ಜನ ಕಾರ್ಖಾನೆಯವರು. ಎಚ್ಎಂಟಿ, ಬಿಇಎಲ್, ಐಟಿಐ, ಎಚ್ಎಎಲ್ ಎಂಬ ನಾಲ್ಕು ಹೆಸರು ಹೇಳಿದರೆ ಅರ್ಧ ಬೆಂಗಳೂರಿನ ವಿಳಾಸ ಹೇಳಿದ ಹಾಗಿದ್ದ ಕಾಲ. ನಾನು ಟರ್ನರ್. ಸೆಕೆಂಡ್ ಶಿಫ್ಟ್ ಮುಗಿಸಿ ಫ್ಯಾಕ್ಟರಿ ಬಸ್ಸಿನಿಂದ ಇಳಿಯುವ ಹೊತ್ತಿಗೆ ಬೀದಿಯೆಲ್ಲ ಮಲಗಿರುತ್ತಿತ್ತು. ಆಕಾಶಕ್ಕೆ ಅದೇ ಒಳ್ಳೆಯ ಹೊತ್ತು. ಊಟದ ಕ್ಯಾರಿಯರ್ ಮನೆಯಲ್ಲಿಟ್ಟು ನೇರ ಮಾಳಿಗೆಗೆ. "ನಿಮಗೆ ಮೂರನೇ ಶಿಫ್ಟಿಗೆ ಓಟಿ ಕೊಡ್ತಾರೇನ್ರೀ?" ಎಂದು ನನ್ನ ಹೆಂಡತಿ ಕೇಳುತ್ತಿದ್ದಳು.

ಗುಂಪು ಬೆಳೆದದ್ದು ಹ್ಯಾಲಿ ಧೂಮಕೇತುವಿನ ದೆಸೆಯಿಂದ. 76 ವರ್ಷಕ್ಕೊಮ್ಮೆ ಬರುವ ಅತಿಥಿ ಎಂದು ಪತ್ರಿಕೆಗಳು ತಿಂಗಳುಗಟ್ಟಲೆ ಬರೆದಿದ್ದವು. 1986ರ ಫೆಬ್ರವರಿ 9ರಂದು ಅದು ಸೂರ್ಯನನ್ನು ಬಳಸಿ ಹೋಯಿತು, ನಮಗೆ ಚೆನ್ನಾಗಿ ಕಂಡದ್ದು ಮಾರ್ಚ್, ಏಪ್ರಿಲ್‌ನಲ್ಲಿ ದಕ್ಷಿಣದ ಕಡೆಗೆ. ಉತ್ತರದ ದೇಶಗಳಿಗಿಂತ ನಮಗೆ ಅನುಕೂಲವಿತ್ತು. ಆದರೂ ಬಂದವರಲ್ಲಿ ಮುಕ್ಕಾಲು ಪಾಲು ಜನ ಮುಖ ಸಣ್ಣ ಮಾಡಿಕೊಂಡೇ ಇಳಿದು ಹೋದರು. ಕ್ಯಾಲೆಂಡರಿನ ಚಿತ್ರದಲ್ಲಿದ್ದಂಥ ಉದ್ದ ಬಾಲವನ್ನು ಅವರು ನಿರೀಕ್ಷಿಸಿದ್ದರು, ಬೈನಾಕ್ಯುಲರಿನಲ್ಲಿ ಕಂಡದ್ದು ಒರೆಸಿದ ಸೀಮೆಸುಣ್ಣದ ಗುರುತು. ನಿರಾಶರಾಗದೆ ಮರುದಿನವೂ ಬಂದವರು ಯಾರೋ ಅವರೇ ಸದಸ್ಯರಾದರು. ಇದಕ್ಕಿಂತ ಒಳ್ಳೆಯ ಪ್ರವೇಶ ಪರೀಕ್ಷೆಯನ್ನು ನಾನು ಕಂಡಿಲ್ಲ.

ಟೆಲಿಸ್ಕೋಪು ಎಲ್ಲಿಂದ ತರುವುದು? ಅಂಗಡಿಯಲ್ಲಿ ಸಿಗುತ್ತಿದ್ದದ್ದು ಆಟಿಕೆ. ವಿದೇಶದ್ದಕ್ಕೆ ಕಸ್ಟಮ್ಸ್ ಸುಂಕ ಸೇರಿದರೆ ನಮ್ಮ ಸಂಬಳಕ್ಕೆ ಎಟುಕುತ್ತಿರಲಿಲ್ಲ. ಹಾಗಾಗಿ ಕನ್ನಡಿ ಅರೆಯುವುದು ಕಲಿತೆವು. ಆರು ಇಂಚು ಅಗಲದ ಎರಡು ದಪ್ಪ ಗಾಜಿನ ಬಿಲ್ಲೆ. ಒಂದನ್ನು ಡ್ರಮ್ಮಿನ ಮೇಲೆ ಕದಲದಂತೆ ಕೂರಿಸಿ, ಮೇಲೆ ಕಾರ್ಬೊರಂಡಮ್ ಪುಡಿ, ನಾಲ್ಕು ಹನಿ ನೀರು, ಅದರ ಮೇಲೆ ಇನ್ನೊಂದು ಬಿಲ್ಲೆ. ಹಿಂದೆಮುಂದೆ ಉಜ್ಜುತ್ತ ಡ್ರಮ್ಮಿನ ಸುತ್ತ ಹೆಜ್ಜೆಹೆಜ್ಜೆಯಾಗಿ ಪ್ರದಕ್ಷಿಣೆ. ಹೀಗೆ ಉಜ್ಜಿದರೆ ಮೇಲಿನದು ತಾನಾಗಿ ತಗ್ಗಾಗುತ್ತದೆ, ಕೆಳಗಿನದು ಉಬ್ಬುತ್ತದೆ. ಮೊದಲ ಸಲ ನೋಡಿದಾಗ ಕಾರ್ಖಾನೆಯ ನಮಗೇ ನಂಬಿಕೆ ಬರಲಿಲ್ಲ. ಟೆಂಪ್ಲೇಟ್ ಇಲ್ಲ, ಜಿಗ್ ಇಲ್ಲ, ಲೇತ್ ಇಲ್ಲ, ಆದರೂ ಗೋಳದ ಮೈ ಬರುತ್ತದೆ; ಎರಡು ಮೈಗಳು ಎತ್ತ ಸರಿದರೂ ಒಂದಕ್ಕೊಂದು ಕೂರುವ ಆಕಾರ ಗೋಳವೊಂದೇ.

80 ನಂಬರಿನ ಒರಟು ಪುಡಿಯಿಂದ ಶುರುಮಾಡಿ 600ರ ನುಣುಪಿನವರೆಗೆ ಇಳಿಯಬೇಕು. ಪುಡಿ ಬದಲಿಸುವಾಗಲೆಲ್ಲ ಬಿಲ್ಲೆ, ಡ್ರಮ್ಮು, ಉಗುರಿನ ಸಂದಿ, ಅಂಗಿಯ ತೋಳು ಎಲ್ಲವನ್ನೂ ತೊಳೆಯಬೇಕು. ಹಿಂದಿನ ಪುಡಿಯ ಒಂದೇ ಕಣ ಉಳಿದರೂ ಗೀರು ಬಿದ್ದು ವಾರಗಳ ಕೆಲಸ ಹಾಳು. ಆರು ಇಂಚಿನ, ನಾಲ್ಕಡಿ ನಾಭಿದೂರದ ಕನ್ನಡಿಯ ನಡುವಿನ ತಗ್ಗು ಒಂದು ಮಿಲಿಮೀಟರಿಗಿಂತ ತುಸು ಹೆಚ್ಚು, ಅಷ್ಟೆ. ಆಮೇಲೆ ಪಿಚ್ಚನ್ನು ಕಾಯಿಸಿ ಹೊಯ್ದ ಹಾಸಿನ ಮೇಲೆ ಸೀರಿಯಮ್ ಆಕ್ಸೈಡಿನಲ್ಲಿ ಪಾಲಿಶ್. ಕೊನೆಗೆ ಗೋಳದ ಮೈಯನ್ನು ಪ್ಯಾರಾಬೊಲಾಕ್ಕೆ ತಿರುಗಿಸುವುದು. ಈ ಕೊನೆಯ ಹಂತದಲ್ಲಿ ತೆಗೆಯಬೇಕಾದ ಗಾಜು ಮೈಕ್ರಾನಿನ ಮೂರನೇ ಒಂದು ಪಾಲಿಗಿಂತ ಕಡಿಮೆ. ಕಾರ್ಖಾನೆಯಲ್ಲಿ ಮೈಕ್ರೋಮೀಟರ್ ಹಿಡಿದು ಮೆರೆಯುತ್ತಿದ್ದ ನಮ್ಮ ಜಂಬವೆಲ್ಲ ಇಲ್ಲಿ ಇಳಿಯಿತು.

ಅಷ್ಟು ಸಣ್ಣದನ್ನು ಅಳೆಯಲು ಬೇಕಾಗಿದ್ದದ್ದು ಒಂದು ಬಲ್ಬು, ಸೂಜಿತೂತು ಹಾಕಿದ ತಗಡು ಮತ್ತು ಕ್ಷೌರದ ಬ್ಲೇಡು. ಫ್ರಾನ್ಸಿನ ಫೂಕೋ 19ನೆಯ ಶತಮಾನದಲ್ಲಿ ಕಂಡುಹಿಡಿದ ಉಪಾಯ. ಕನ್ನಡಿಯಿಂದ ಮರಳಿ ಬರುವ ಬೆಳಕನ್ನು ಬ್ಲೇಡಿನ ಅಂಚಿನಿಂದ ಮೆಲ್ಲಗೆ ಕತ್ತರಿಸಿದರೆ ಮೈಯ ಏರುತಗ್ಗೆಲ್ಲ ನೆರಳಾಗಿ ಎದ್ದು ಕಾಣುತ್ತದೆ. ಗಾಜಿನ ಮೇಲೆ ಅರ್ಧ ನಿಮಿಷ ಹೆಬ್ಬೆರಳು ಒತ್ತಿ ತೆಗೆದರೆ ಆ ಬಿಸಿಗೆ ಗಾಜು ಉಬ್ಬಿದ್ದೂ ಕಾಣುತ್ತಿತ್ತು. ಕತ್ತಲೆ ಕೋಣೆಯಲ್ಲಿ ಸರದಿಯ ಮೇಲೆ ಒಬ್ಬೊಬ್ಬರೇ ಕಣ್ಣಿಟ್ಟು, "ನಡುವೆ ಗುಡ್ಡ ಇದೆ", "ಅಂಚು ಬಿದ್ದಿದೆ" ಎಂದು ಜಗಳವಾಡುತ್ತಿದ್ದೆವು. ನಮ್ಮ ಸಂಘಜೀವನವೆಂದರೆ ಮುಖ್ಯವಾಗಿ ಇದು. ಆಕಾಶ ನೋಡಿದ್ದಕ್ಕಿಂತ ಡ್ರಮ್ಮು ಸುತ್ತಿದ್ದೇ ಹೆಚ್ಚು. ಡ್ರಮ್ಮಿನ ಸುತ್ತಲೇ ಮಗಳ ಮದುವೆಯ ಮಾತು, ಬೋನಸ್ಸಿನ ಮಾತು, ಯೂನಿಯನ್ ಚುನಾವಣೆಯ ಮಾತು.

ನಮ್ಮ ಹುರುಪಿಗೆ ಹತ್ತಿರದಲ್ಲೇ ದೊಡ್ಡ ಮಾದರಿಯೊಂದಿತ್ತು. ಜವ್ವಾದಿ ಬೆಟ್ಟದ ಕಾವಲೂರಿನಲ್ಲಿ 1986ರ ಜನವರಿಯಲ್ಲಿ ಉದ್ಘಾಟನೆಯಾದ 2.34 ಮೀಟರ್ ದೂರದರ್ಶಕದ ಕನ್ನಡಿಯನ್ನು ಕೋರಮಂಗಲದ ಭಾರತೀಯ ಖಭೌತ ಸಂಸ್ಥೆಯಲ್ಲಿ ಎ.ಪಿ. ಜಯರಾಜನ್ ಅವರ ತಂಡ ಅರೆದು ಸಿದ್ಧಮಾಡಿತ್ತು. ಆ ಯೋಜನೆಯ ಕನಸು ಕಂಡಿದ್ದ ವೇಣು ಬಾಪು 1982ರಲ್ಲೇ ತೀರಿಕೊಂಡಿದ್ದರು, ಅದು ಕೆಲಸ ಮಾಡಿದ್ದನ್ನು ನೋಡಲಿಲ್ಲ. ನಾವು ವ್ಯಾನು ಮಾಡಿಕೊಂಡು ಕಾವಲೂರಿಗೆ ಹೋದಾಗ ಉಳಿದವರು ನಕ್ಷತ್ರದ ಪ್ರಶ್ನೆ ಕೇಳುತ್ತಿದ್ದರೆ ನಮ್ಮವರು ಅಡಿಯಲ್ಲಿ ಬಗ್ಗಿ ಬೇರಿಂಗು ನೋಡುತ್ತಿದ್ದರು.

ಅರೆದ ಕನ್ನಡಿ ಫಲ ಕೊಟ್ಟದ್ದು 1994ರ ಜುಲೈನಲ್ಲಿ. ಶೂಮೇಕರ್–ಲೆವಿ 9 ಧೂಮಕೇತುವಿನ 20ಕ್ಕೂ ಹೆಚ್ಚು ತುಣುಕುಗಳು 16ರಿಂದ 22ರವರೆಗೆ ಒಂದರ ಹಿಂದೊಂದು ಗುರುಗ್ರಹಕ್ಕೆ ಬಡಿದವು. ಬಡಿದ ಕಡೆ ಏನಾದರೂ ಕಾಣುತ್ತದೆಯೋ ಇಲ್ಲವೋ ಎಂದು ದೊಡ್ಡ ವಿಜ್ಞಾನಿಗಳೂ ಮುಂಚಿತವಾಗಿ ಖಚಿತವಾಗಿ ಹೇಳಿರಲಿಲ್ಲ. ಬೆಂಗಳೂರಿನಲ್ಲಿ ಜಿಟಿಜಿಟಿ ಮಳೆ. ಒಂದು ಸಂಜೆ ಮೋಡ ಬಿರಿದ ಸಂದಿಯಲ್ಲಿ ಆರಿಂಚಿನ ಕನ್ನಡಿಯನ್ನು ತಿರುಗಿಸಿದೆವು. ಗುರುವಿನ ಮೈಮೇಲೆ ಮಸಿ ಚೆಲ್ಲಿದಂಥ ಕಲೆ, ಭೂಮಿಗಿಂತ ದೊಡ್ಡದು. ಯಾವ ಪತ್ರಿಕೆಯ ಚಿತ್ರವೂ ಬೇಕಾಗಲಿಲ್ಲ. ಕೆಳಗಿನ ಮನೆಯ ಅಜ್ಜಿಯನ್ನೂ ಕೈಹಿಡಿದು ಮೆಟ್ಟಿಲು ಹತ್ತಿಸಿ ತೋರಿಸಿದೆವು. "ಅಯ್ಯೋ, ಯಾರ ದೃಷ್ಟಿ ತಾಗಿತೋ," ಎಂದರು.

1997ರಲ್ಲಿ ಹೇಲ್–ಬಾಪ್ ಬಂದಾಗ ಫೋಟೊ ಹುಚ್ಚು ಹಿಡಿಯಿತು. ಭೂಮಿ ತಿರುಗುವ ವೇಗಕ್ಕೆ ಕ್ಯಾಮೆರಾವನ್ನು ತಿರುಗಿಸಲು ಎರಡು ಹಲಗೆ, ಒಂದು ಬಾಗಿಲಿನ ಹಿಂಜು, ಒಂದು ಸ್ಕ್ರೂ. ಹಿಂಜಿನಿಂದ 23 ಸೆಂಟಿಮೀಟರ್ ದೂರದಲ್ಲಿ ಒಂದು ಮಿಲಿಮೀಟರ್ ಪಿಚ್ಚಿನ ಸ್ಕ್ರೂ ಹಾಕಿ, ಗಡಿಯಾರದ ಸೆಕೆಂಡು ಮುಳ್ಳು ನೋಡುತ್ತ ನಿಮಿಷಕ್ಕೊಂದು ಸುತ್ತು ಕೊಟ್ಟರೆ ನಕ್ಷತ್ರ ಕದಲುವುದಿಲ್ಲ. ಹಿಂಜನ್ನು ಧ್ರುವನಕ್ಷತ್ರದ ಕಡೆಗಿಡಬೇಕು ಎನ್ನುವುದೊಂದೇ ತೊಡಕು. ಬೆಂಗಳೂರಿನಲ್ಲಿ ಧ್ರುವ ಬರೀ 13 ಡಿಗ್ರಿ ಎತ್ತರದಲ್ಲಿರುತ್ತಾನೆ, ಎದುರು ಮನೆಯವರು ಮೂರನೇ ಅಂತಸ್ತು ಕಟ್ಟಿದರೆ ಮುಗಿಯಿತು. ಸ್ಟುಡಿಯೊದವರು ಇನ್ನೊಂದು ತಲೆನೋವು: ಕಪ್ಪು ಆಕಾಶದ ನೆಗೆಟಿವ್ ನೋಡಿ "ಏನೂ ಬಂದಿಲ್ಲ ಸಾರ್" ಎಂದು ಪ್ರಿಂಟೇ ಹಾಕುತ್ತಿರಲಿಲ್ಲ, ಇಲ್ಲವೇ ಧೂಮಕೇತುವಿನ ನಡುವೆಯೇ ಕತ್ತರಿ ಆಡಿಸುತ್ತಿದ್ದರು. ರೋಲಿನ ಮೊದಲ ಫ್ರೇಮಿನಲ್ಲಿ ಹಗಲಲ್ಲೇ ಮನೆಯವರದ್ದೊಂದು ಫೋಟೊ ತೆಗೆದುಕೊಂಡರೆ ಕತ್ತರಿಸುವವನಿಗೆ ಅಳತೆ ಸಿಗುತ್ತದೆ ಎಂದು ಆಮೇಲೆ ಕಲಿತೆವು. ನಮ್ಮ ಮಕ್ಕಳು ಬೆಳೆದ ಚಿತ್ರಗಳೆಲ್ಲ ಹೀಗೆ ಧೂಮಕೇತುಗಳ ಹಿಂದೆಮುಂದೆ ಸಿಗುತ್ತವೆ.

ಇದೆಲ್ಲ ಬದಲಾದದ್ದು ಯಾವಾಗ ಎಂದರೆ ನಾನು ಆಕಾಶಕ್ಕಿಂತ ಮೊದಲು ಕಾರ್ಖಾನೆಯ ಕಡೆ ಕೈ ತೋರಿಸುತ್ತೇನೆ. ಬೀದಿದೀಪ ಹೆಚ್ಚಿ ಆಕಾಶ ಕೆಟ್ಟಿತು ಎಂದು ಎಲ್ಲರೂ ಹೇಳುತ್ತಾರೆ, ಅದು ನಿಜವೂ ಹೌದು. ಆದರೆ ದೀಪಕ್ಕಿಂತ ಮುಂಚೆ ನಮ್ಮ ಡ್ರಮ್ಮು ನಿಂತಿತು. ಸ್ವಯಂ ನಿವೃತ್ತಿ ಬಂತು, ಜನ ಹಣ ತೆಗೆದುಕೊಂಡು ಊರು ಸೇರಿದರು, ಶಿಫ್ಟುಗಳು ಇಲ್ಲವಾದವು. ಎಚ್ಎಂಟಿಯ ಗಡಿಯಾರ ವಿಭಾಗ 2016ರಲ್ಲಿ ಮುಚ್ಚಿತು. ಗುಂಪಿಗೆ ಹೊಸದಾಗಿ ಬಂದವರು ಸಾಫ್ಟ್‌ವೇರ್ ಹುಡುಗರು, ಹುಡುಗಿಯರು. ಬೆಂಗಳೂರು ಯಾವ ಕೆಲಸ ಮಾಡಿತೋ ಅದರ ಹವ್ಯಾಸಿಗಳೂ ಅದೇ ಕೆಲಸ ಮಾಡಿದರು: ನಾವು ಗಾಜು ಅರೆದೆವು, ಇವರು ಡೇಟಾ ಅರೆಯುತ್ತಾರೆ. ನೂರಾರು ಫ್ರೇಮು ತೆಗೆದು ಒಂದರ ಮೇಲೊಂದು ಪೇರಿಸಿ, ಗದ್ದಲ ಕಳೆದು, ನಮ್ಮ ಕಣ್ಣಿಗೆ ಬೂದು ಮಬ್ಬಾಗಿಯೇ ಉಳಿದಿದ್ದ ನಿಹಾರಿಕೆಯಲ್ಲಿ ಕೆಂಪು ತೆಗೆಯುತ್ತಾರೆ. ಹೊಟ್ಟೆಕಿಚ್ಚಿಲ್ಲದೆ ಹೇಳುತ್ತೇನೆ, ಅದು ಸುಲಭದ ಕೆಲಸವಲ್ಲ.

ಅಂದಿನ ಗುಂಪಿಗೊಂದು ದೊಡ್ಡ ಕೊರತೆಯಿತ್ತು. ನಮ್ಮಲ್ಲಿ ಹೆಂಗಸರಿರಲಿಲ್ಲ, ಕಾಫಿ ಕೊಡಲು ಬಂದವರನ್ನು ಬಿಟ್ಟರೆ. ನಡುರಾತ್ರಿ ಮಾಳಿಗೆಯ ಮೇಲೆ ಎಂದರೆ ಯಾವ ಮನೆಯವರು ಮಗಳನ್ನು ಕಳಿಸಿಯಾರು? ಈಗ ಮಾರ್ಚಿನ ಅಮಾವಾಸ್ಯೆಗೆ ಮೆಸ್ಸಿಯೆ ಮ್ಯಾರಥಾನ್, ಅಂದರೆ ಒಂದೇ ರಾತ್ರಿಯಲ್ಲಿ 110 ಕಾಯಗಳನ್ನು ಹುಡುಕುವ ಆಟ, ನಡೆಸುವವಳೇ ಹುಡುಗಿ. ಟಾರ್ಚಿಗೆ ಕೆಂಪು ಕಾಗದ ಕಟ್ಟದೆ ಬಂದವರನ್ನು ನಿರ್ದಾಕ್ಷಿಣ್ಯವಾಗಿ ಬಯ್ಯುತ್ತಾಳೆ. ಕತ್ತಲೆಗೆ ಕಣ್ಣು ಹೊಂದಲು ಅರ್ಧ ಗಂಟೆ ಬೇಕು, ಕೆಡಲು ಒಂದು ಮೊಬೈಲು ಸಾಕು.

ದೂರ ಹೋಗುವುದೂ ಹೊಸದೇನಲ್ಲ. 2009ರ ಜುಲೈ 22ರ ಖಗ್ರಾಸ ಸೂರ್ಯಗ್ರಹಣಕ್ಕೆ ಸಂಘಮಿತ್ರ ಎಕ್ಸ್‌ಪ್ರೆಸ್ಸಿನಲ್ಲಿ ಪುಳಿಯೋಗರೆ ಕಟ್ಟಿಕೊಂಡು ಬಿಹಾರಕ್ಕೆ ಹೋಗಿದ್ದೆವು. ಆರ್ಯಭಟನ ಹೆಸರು ಹೇಳುವ ತಾರೇಗನಾದಲ್ಲಿ ಜನಜಾತ್ರೆ, ಮೇಲೆ ಮೋಡ. ಸೂರ್ಯ ಕಾಣಲೇ ಇಲ್ಲ, ಬೆಳಗ್ಗೆ ಬೆಳಗ್ಗೆ ಮೂರೂ ಮುಕ್ಕಾಲು ನಿಮಿಷ ಕತ್ತಲಾಗಿ ಮತ್ತೆ ಬೆಳಗಾಯಿತು. ಆದರೆ ಅಂಥದ್ದು ಅಪರೂಪದ ಪ್ರಯಾಣವಾಗಿತ್ತು. ಈಗ ಒಂದು ಗೋಳಗುಚ್ಛ ನೋಡಲೂ ಕಾರು ತೆಗೆಯಬೇಕು. ಹೆಸರಘಟ್ಟ ಹೋಯಿತು, ಕನಕಪುರ ರಸ್ತೆ ಹೋಯಿತು. ಸೋಡಿಯಂ ದೀಪದ ಹಳದಿಯನ್ನಾದರೂ ಫಿಲ್ಟರ್ ಹಾಕಿ ತಡೆಯಬಹುದಿತ್ತು, ಬಿಳಿ ಎಲ್ಇಡಿಗೆ ಮದ್ದಿಲ್ಲ. ವೃತ್ತಿಯವರ ಕಥೆಯೂ ಬೇರೆಯಲ್ಲ: ಲಡಾಖಿನ ಹಾನ್ಲೆಯಲ್ಲಿ 4,500 ಮೀಟರ್ ಎತ್ತರದಲ್ಲಿರುವ ಎರಡು ಮೀಟರ್ ದೂರದರ್ಶಕವನ್ನು ನಮ್ಮ ಹೊಸಕೋಟೆಯಲ್ಲಿ ಕುಳಿತು ನಡೆಸುತ್ತಾರೆ. ನಮ್ಮ ಮಾಳಿಗೆಗೆ ಉಳಿದದ್ದು ಚಂದ್ರ, ಗ್ರಹ, ಮತ್ತು ಪ್ರತಿ ಆಗಸ್ಟಿನಲ್ಲಿ ವಾಟ್ಸಾಪಿಗೆ ಬರುವ "ಇಂದು ಮಂಗಳ ಚಂದ್ರನಷ್ಟು ದೊಡ್ಡದಾಗಿ ಕಾಣುತ್ತದೆ" ಎಂಬ ಸುಳ್ಳು. 2003ರ ಆಗಸ್ಟಿನಲ್ಲಿ ಮಂಗಳ ನಿಜಕ್ಕೂ ಹತ್ತಿರ ಬಂದಿತ್ತು. ಅಂದಿನಿಂದ ಆ ಸಂದೇಶ ಸಾಯುತ್ತಿಲ್ಲ.

ಗುಂಪಿನಲ್ಲಿ ಈಗ ನಡೆಯುವ ದೊಡ್ಡ ಜಗಳ ಫೋನಿನಿಂದ ನಡೆಯುವ ಟೆಲಿಸ್ಕೋಪಿನದು. ತಾನೇ ದಿಕ್ಕು ಹಿಡಿಯುತ್ತದೆ, ತಾನೇ ಚಿತ್ರ ಪೇರಿಸುತ್ತದೆ, ನೋಡುವವರು ಒಳಗೆ ಚಹಾ ಕುಡಿಯುತ್ತಿದ್ದರೂ ಸರಿ. ಅದು ನೋಡಿದ್ದೇ ಅಲ್ಲ ಎನ್ನುವ ಪಕ್ಷ ನನ್ನದು. ಕಣ್ಣಿಗೆ ಬಂದು ಬಿದ್ದ ಬೆಳಕೇ ಬೇರೆ, ಪರದೆ ಹೊರಡಿಸಿದ ಬೆಳಕೇ ಬೇರೆ. ಹುಡುಗರು, "ಅಂಕಲ್, ಕಣ್ಣೂ ಒಂದು ಸೆನ್ಸರ್ರೇ ಅಲ್ವಾ?" ಎನ್ನುತ್ತಾರೆ. ಆದರೂ ಇಡೀ ಬೀದಿಯ ಮಕ್ಕಳಿಗೆ ಒಟ್ಟಿಗೆ ನಿಹಾರಿಕೆ ತೋರಿಸಬೇಕಾದ ದಿನ ನಾನೂ ಅವರ ಪೆಟ್ಟಿಗೆಯ ಹಿಂದೆಯೇ ನಿಲ್ಲುತ್ತೇನೆ.

ಹಾನ್ಲೆ ಸುತ್ತಲಿನ ಪ್ರದೇಶವನ್ನು 2022ರಲ್ಲಿ ಕತ್ತಲೆಯ ಆಕಾಶದ ರಕ್ಷಿತ ತಾಣವೆಂದು ಘೋಷಿಸಿದ ಮೇಲೆ ಹವ್ಯಾಸಿಗಳ ಕೂಟ ಅಲ್ಲಿಯೂ ನಡೆಯುತ್ತದೆ. ಈಚೆಗೆ ನಮ್ಮವರು ಕೆಲವರು ಹೊರಟಾಗ ಮೌಂಟಿಗೊಂದು ಪ್ರತಿತೂಕದ ಗುಂಡು ಬೇಕಾಯಿತು. "ಅಳತೆ ಕೊಡಿ" ಎಂದೆ, ಫೋನಿಗೆ ತ್ರೀಡಿ ಫೈಲು ಬಂತು. ಅದನ್ನು ಕಾಗದಕ್ಕಿಳಿಸಿಕೊಂಡು ಪೀಣ್ಯದಲ್ಲಿ ನನ್ನ ಹಳೆಯ ಸಹೋದ್ಯೋಗಿಯ ಮಗ ನಡೆಸುವ ಲೇತ್ ಅಂಗಡಿಗೆ ಹೋದೆ. "ಜಿಮ್ಮಿಗಾ ಸಾರ್?" ಎಂದ. ಅಲ್ಲಪ್ಪ, ಹಾನ್ಲೆಗೆ ಎಂದೆ. "ಅದು ಹಾಸನದ ಹತ್ರಾನಾ?" ನಾಡಿದ್ದು ಕೊಡ್ತೀನಿ ಅಂದವನು ಒಂದು ವಾರ ಮಾಡಿದ, ಕೆಲಸವೇನೋ ಚೊಕ್ಕವಾಗಿತ್ತು.