97.2 ಸಿಸಿಯಲ್ಲಿ ಘಾಟಿ ಇಳಿದದ್ದು

ಲಾಂಗ್ ರೈಡ್ ಅಂದ ಕೂಡಲೇ ನಮ್ಮ ಹಾಸ್ಟೆಲಿನಲ್ಲಿ ಮೊದಲು ಬರುವ ಪ್ರಶ್ನೆ, "ಎಷ್ಟು ಸಿಸಿ ಮಗಾ?" 350ಕ್ಕಿಂತ ಕಡಿಮೆ ಹೇಳಿದರೆ ಕೇಳಿದವನ ಮುಖದಲ್ಲಿ ಸಣ್ಣದೊಂದು ಕನಿಕರ ಕಾಣಿಸುತ್ತೆ. ನಮ್ಮದು 97.2. ಹಳೇ ಸ್ಪ್ಲೆಂಡರ್, ಟ್ಯಾಂಕಿನ ಮೇಲೆ ಇನ್ನೂ ಹೀರೋ ಹೋಂಡಾ ಅಂತಲೇ ಇದೆ. ಇಬ್ಬರು ಜನ, ಎರಡು ಬ್ಯಾಗು, ಬೆಂಗಳೂರಿನಿಂದ ಶಿವಮೊಗ್ಗ, ತೀರ್ಥಹಳ್ಳಿ, ಆಗುಂಬೆ ಹಾದು ಹೆಬ್ರಿ ಹತ್ತಿರದ ಒಂದು ಹಳ್ಳಿ. ಹತ್ತಿರ ಹತ್ತಿರ 400 ಕಿಲೋಮೀಟರ್.

ಶೋಕಿಗೆ ಹೊರಟಿದ್ದಲ್ಲ. ಗಾಡಿ ನಮ್ಮಲ್ಲೊಬ್ಬನ ಅಪ್ಪನದು. ಮಂಡಿನೋವು ಶುರುವಾಗಿ ಅವರು ಓಡಿಸೋದು ಬಿಟ್ಟ ಮೇಲೆ ಅದು ಬೆಂಗಳೂರಿಗೆ ಬಂದಿತ್ತು. ಈ ವರ್ಷ ತಂಗಿ ಡಿಗ್ರಿಗೆ ಸೇರಿದಳು. ಲ್ಯಾಬ್ ಇರುವ ದಿನ ಊರಿನ ಕೊನೇ ಬಸ್ಸು ಸಿಗಲ್ಲ. ಮುಖ್ಯರಸ್ತೆಯಲ್ಲಿ ಇಳಿದರೆ ಮನೆಗೆ ನಾಲ್ಕು ಕಿಲೋಮೀಟರ್ ಕಾಡುದಾರಿ, ಡಿಸೆಂಬರ್‌ನಲ್ಲಿ ಬೇಗ ಕತ್ತಲು ಬೇರೆ. ಅವಳು ಲ್ಯಾಬ್ ಬಿಟ್ಟು ಬರತೊಡಗಿದಳು. ಹೀಗಾದ್ರೆ ಕಾಲೇಜೇ ಬಿಡಿಸೋದು ವಾಸಿ ಅನ್ನೋ ಮಾತು ಮನೆಯಲ್ಲಿ ಎರಡು ಸಲ ಬಂದು ಹೋಯಿತಂತೆ. ಅವಳು ಸುಮ್ಮನೆ ಕೂರದೆ ಲೈಸೆನ್ಸ್ ಮಾಡಿಸಿಕೊಂಡು ಫೋನ್ ಮಾಡಿದಳು: "ಅಣ್ಣ, ಸೋಮವಾರದೊಳಗೆ ಗಾಡಿ ಬೇಕು." ರೈಲಿನಲ್ಲಿ ಪಾರ್ಸೆಲ್ ಹಾಕಬಹುದಿತ್ತು. ಆದರೆ ಟ್ಯಾಂಕ್ ಖಾಲಿ ಮಾಡಬೇಕು, ಪ್ಯಾಕ್ ಮಾಡಿಸಬೇಕು, ಆಮೇಲೆ ಅದು ಯಾವತ್ತು ತಲುಪುತ್ತೋ ಗೊತ್ತಿಲ್ಲ. ಓಡಿಸಿಕೊಂಡೇ ಹೋಗೋದು ಅಂತಾಯಿತು.

ಆಯಿಲ್ ಬದಲಾಯಿಸಿ, ಚೈನ್ ಬಿಗಿ ಮಾಡಿಸಿ, ಹಿಂದಿನ ಚಕ್ರಕ್ಕೆ ಹೊಸ ಬ್ರೇಕ್ ಶೂ ಹಾಕಿಸಿದೆವು. ಒಂದು ಸ್ಪಾರ್ಕ್ ಪ್ಲಗ್, ಒಂದು ಕ್ಲಚ್ ಕೇಬಲ್ ಬ್ಯಾಗಿಗೆ ಹೋಯಿತು. ಶನಿವಾರ ಬೆಳಗ್ಗೆ ಐದಕ್ಕೆ ಚೋಕ್ ಎಳೆದು ಕಿಕ್ ಹೊಡೆದೆವು.

ವೇಗದ ಲೆಕ್ಕ ಹಿಂದಿನ ರಾತ್ರಿಯೇ ಆಗಿತ್ತು. ಗಾಳಿಯನ್ನು ಸೀಳಿಕೊಂಡು ಹೋಗಲು ಬೇಕಾದ ಪವರ್ ವೇಗದ ಘನಕ್ಕೆ ತಕ್ಕಂತೆ ಏರುತ್ತೆ, ಫ್ಲೂಯಿಡ್ ಮೆಕ್ಯಾನಿಕ್ಸ್ ಓದಿದವರಿಗೆ ಇದೇನು ಹೊಸದಲ್ಲ. 50ರಿಂದ 80ಕ್ಕೆ ಹೋದರೆ ನಾಲ್ಕು ಪಟ್ಟು. ಈ ಇಂಜಿನ್ ಕೊಡೋದೇ ಎಂಟು ಹಾರ್ಸ್‌ಪವರ್ ಆಸುಪಾಸು, ಅದೂ ಕಿರುಚುವಷ್ಟು ಆರ್‌ಪಿಎಂನಲ್ಲಿ. ಇಬ್ಬರನ್ನು ಹೊತ್ತು 80ರಲ್ಲಿ ಓಡಿದರೆ ಅದರ ಹತ್ತಿರ ಉಳಿತಾಯ ಅಂತ ಏನೂ ಇರಲ್ಲ. 50ರಲ್ಲಿ ಓಡಿದರೆ ಒಂದು ಸಣ್ಣ ಏರು ಬಂದರೂ, ಎದುರುಗಾಳಿ ಬಂದರೂ ಕೈಯಲ್ಲಿ ಸ್ವಲ್ಪ ಇರುತ್ತೆ. ಹಾಗಾಗಿ 50.

ಹೇಳೋದು ಸುಲಭ. ಹೆದ್ದಾರಿಯಲ್ಲಿ 50ರಲ್ಲಿ ಹೋಗೋದು ಅಂದರೆ ಎಲ್ಲರಿಂದಲೂ ಹಿಂದೆ ಹಾಕಿಸಿಕೊಳ್ಳೋದು. ಬಸ್ಸು, ಲಾರಿ ಪಕ್ಕದಲ್ಲಿ ಹಾದಾಗ ಗಾಳಿ ಮೊದಲು ಹೊರಗೆ ತಳ್ಳುತ್ತೆ, ಮರುಕ್ಷಣ ಒಳಕ್ಕೆ ಎಳೆಯುತ್ತೆ. ಮೊದಲ ಐದಾರು ಸಲ ಎದೆ ಧಸಕ್ ಅಂದಿತು, ಆಮೇಲೆ ಕನ್ನಡಿಯಲ್ಲಿ ಲಾರಿ ಕಂಡ ತಕ್ಷಣ ಹ್ಯಾಂಡಲ್ ತಾನಾಗಿಯೇ ಗಟ್ಟಿಯಾಗುತ್ತಿತ್ತು. ಎಡ ಅಂಚು ಬಿಟ್ಟು ಕದಲಲಿಲ್ಲ.

ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ. ತಿಪಟೂರು ದಾಟುವಾಗ ರಸ್ತೆಯ ಎರಡೂ ಬದಿ ತೆಂಗು, ಅರಸೀಕೆರೆಗೆ ಬರೋ ಹೊತ್ತಿಗೆ ಬಿಸಿಲು. ಗಂಟೆಗೊಮ್ಮೆ ನಿಲ್ಲುತ್ತಿದ್ದೆವು. ಏರ್ ಕೂಲ್ಡ್ ಇಂಜಿನ್ ಅಲ್ವಾ, ತಣ್ಣಗಾಗಲಿ ಅಂತ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದೆವು. ಓಡುತ್ತಿರುವಾಗ ಅದಕ್ಕೆ ಗಾಳಿ ಬೇಕಾದಷ್ಟು ಸಿಗ್ತಿತ್ತು, ನಿಜವಾಗಿ ತಣ್ಣಗಾಗಬೇಕಿದ್ದದ್ದು ನಮ್ಮ ಸೊಂಟ. ಕಡೂರು, ಬೀರೂರು, ತರೀಕೆರೆ, ಭದ್ರಾವತಿ. ಶಿವಮೊಗ್ಗದಲ್ಲಿ ಕ್ಲಾಸ್‌ಮೇಟ್ ಮನೆ ತಲುಪಿದಾಗ ಸಂಜೆ ನಾಲ್ಕು. ಅವರಮ್ಮ ಗಾಡಿ ನೋಡಿ, "ಇದರಲ್ಲಾ ಬಂದ್ರಿ?" ಅಂದರು. ಊಟಕ್ಕೆ ಇನ್ನೊಂದು ಕಡುಬು ಜಾಸ್ತಿ ಬಿತ್ತು.

ಭಾನುವಾರದ ದಾರಿ ಚೆಂದ. ಗಾಜನೂರು, ಸಕ್ರೆಬೈಲು, ಮಂಡಗದ್ದೆ, ತುಂಗೆ ಪಕ್ಕದಲ್ಲೇ ಬರ್ತಾಳೆ. ಆದರೆ ನಮಗೆ ತಲೆಯಲ್ಲಿ ಇದ್ದದ್ದು ಆಗುಂಬೆ ಒಂದೇ. ಸಣ್ಣ ಗಾಡಿ ಅಂದರೆ ಜನ ಹತ್ತೋದರ ಬಗ್ಗೆ ಚಿಂತೆ ಮಾಡ್ತಾರೆ. ಹತ್ತಲಾಗದಿದ್ದರೆ ಅದು ನಿಂತುಬಿಡುತ್ತೆ, ಹಿಂದೆ ಕೂತವ ಇಳಿದು ನಡೆದರಾಯಿತು. ನಮ್ಮ ಭಯ ಇಳಿಯೋದರದ್ದು. ಎರಡೂ ಚಕ್ರಕ್ಕೆ ಡ್ರಮ್ ಬ್ರೇಕ್. ಗಾಡಿ, ನಾವು, ಬ್ಯಾಗು ಸೇರಿ ಸುಮಾರು 255 ಕೆಜಿ, ಸೋಮೇಶ್ವರದವರೆಗೆ ಇಳಿಕೆ 500 ಮೀಟರ್ ಅಂತ ಇಟ್ಟುಕೊಳ್ಳಿ. ಎಂಜಿಎಚ್ ಹಾಕಿದರೆ ಹನ್ನೆರಡೂವರೆ ಲಕ್ಷ ಜೂಲ್. ನಾಲ್ಕು ಲೀಟರ್ ತಣ್ಣೀರನ್ನು ಕುದಿಯೋ ಮಟ್ಟಕ್ಕೆ ತರುವ ಶಾಖ! ಗಾಳಿ, ಟಯರ್ ಒಂದಿಷ್ಟು ತಿಂದರೂ ಉಳಿದದ್ದೆಲ್ಲ ಎಲ್ಲಿಗಾದರೂ ಹೋಗಲೇಬೇಕು. ಬ್ರೇಕ್ ಹಿಡಿದೇ ಇಳಿದರೆ ಅದು ಶೂಗೆ ಹೋಗುತ್ತೆ, ಶೂ ಕಾದಂತೆ ಹಿಡಿತ ಸಡಿಲವಾಗುತ್ತೆ, ಅದೂ ಎಲ್ಲಕ್ಕಿಂತ ಹೆಚ್ಚು ಬೇಕಾದ ತಿರುವಿನಲ್ಲೇ.

ಆದ್ದರಿಂದ ಮೇಲಿಂದಲೇ ಸೆಕೆಂಡ್ ಗೇರ್, ಆಕ್ಸಿಲರೇಟರ್ ಪೂರ್ತಿ ಬಿಟ್ಟು, ಕ್ಲಚ್ ಮುಟ್ಟದೆ. ಆಗ ಚಕ್ರವೇ ಇಂಜಿನ್ನನ್ನು ತಿರುಗಿಸಬೇಕಾಗುತ್ತೆ, ಆ ಕೆಲಸದಲ್ಲೇ ವೇಗ ಕರಗುತ್ತೆ. 14 ಹೇರ್‌ಪಿನ್ ತಿರುವು. ಪ್ರತಿ ತಿರುವಿಗೂ ಹಿಂದೆ ಕೂತವ ಮುಂದೆ ಜಾರಿ ಬಂದು ಓಡಿಸುವವನನ್ನು ಟ್ಯಾಂಕಿಗೆ ಒತ್ತುತ್ತಿದ್ದ. ತಿರುವು ಎಣಿಸೋ ಕೆಲಸ ಅವನದೇ, ಆರರ ನಂತರ ಎಂಟು ಅಂದದ್ದಕ್ಕೆ ಜಗಳವೂ ಆಯಿತು. ಮಧ್ಯೆ ಒಂದು ಕಡೆ ನಿಂತು ಡ್ರಮ್ ಹತ್ತಿರ ಕೈ ಹಿಡಿದು ನೋಡಿದೆವು. ಬೆಚ್ಚಗಿತ್ತು, ಸುಡುತ್ತಿರಲಿಲ್ಲ. ತಡೆಗೋಡೆ ಮೇಲಿನ ಮಂಗವೊಂದು ನಮ್ಮ ಬ್ಯಾಗಿನ ಕಡೆ ನೋಡತೊಡಗಿದ್ದರಿಂದ ಅಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ಸೋಮೇಶ್ವರ ಮುಟ್ಟಿದಾಗ ಹವೆಯೇ ಬೇರೆ, ಜಾಕೆಟ್ ಒಳಗೆ ಬೆವರು.

ಮನೆ ಅಂಗಳದಲ್ಲಿ ಅಪ್ಪ "ಹೇಗಿದ್ದೀರಿ" ಅನ್ನೋ ಮೊದಲು ಕೂತು ಚೈನ್ ಎತ್ತಿ ನೋಡಿದರು. "ಸ್ವಲ್ಪ ಲೂಸ್ ಆಗಿದೆಯಲ್ಲ ಮಾರಾಯ." ಪೆಟ್ರೋಲು ಎಷ್ಟಾಯಿತು ಅಂದರು. ಏಳು ಲೀಟರ್ ಚಿಲ್ಲರೆ ಅಂದೆವು. ಅದಕ್ಕೆ ಮಾತ್ರ ತಲೆಯಾಡಿಸಿದರು.

ತಂಗಿ ಊಟಕ್ಕೂ ಕಾಯಲಿಲ್ಲ. ಎರಡು ಸಲ ಗಾಡಿ ಆಫ್ ಆಯಿತು, ಮೂರನೇ ಸಲಕ್ಕೆ ಹೊರಟಿತು. ಕಾಲೇಜು ಬಿಡಿಸೋ ಮಾತಾಡಿದ್ದ ಅಪ್ಪನೇ ನೋಯುವ ಮಂಡಿ ಮಡಚಿ ಹಿಂದೆ ಕೂತರು. ಮುಖ್ಯರಸ್ತೆವರೆಗೆ ಹೋಗಿ ಬರೋಕೆ ಇಪ್ಪತ್ತೈದು ನಿಮಿಷ. ಇಳಿದವರು ಏನೂ ಹೇಳಲಿಲ್ಲ, ಸ್ಪ್ಯಾನರ್ ತಂದು ಚೈನ್ ಬಿಗಿ ಮಾಡೋಕೆ ಕೂತರು.

ನಾವು ರಾತ್ರಿ ಬಸ್ಸಿಗೆ ವಾಪಸ್. ಸೋಮವಾರ ಸಂಜೆ ಏಳಕ್ಕೆ ಮೆಸೇಜ್ ಬಂತು: "ಲ್ಯಾಬ್ ಮುಗಿಸಿ ಮನೆಗೆ ಬಂದೆ. ಹಾರ್ನ್ ಸರಿ ಇಲ್ಲ ಅಣ್ಣ."